ಗೊರವಂಕ ಆರಿಸಿದ ಹಿಡಿಗಾರರು

ಬಹಳ ಹಿಂದೆ, ನಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲು ಕಾಣದಿದ್ದ ಕಾಲದಲ್ಲಿ, ಮಣಿಕುಂದ ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಜನಕ್ಕೆ ಒಂದು ಹೊತ್ತಿನ ಊಟ ತಪ್ಪಿದರೂ ನಡೆದೀತು, ಚೆಂಡಾಟ ಮಾತ್ರ ತಪ್ಪುವಂತಿರಲಿಲ್ಲ. ಆಟವೇನೋ ಸುಲಭ. ಎಸೆಗಾರ ನಿಂತಲ್ಲಿಂದ ಚೆಂಡನ್ನು ದೂರಕ್ಕೆ ಎಸೆಯುತ್ತಾನೆ. ಹಿಡಿಗಾರ ಕಾವಲಿನಿಂದ ತಪ್ಪಿಸಿಕೊಂಡು ಓಡಿ, ಚೆಂಡು ನೆಲ ಮುಟ್ಟುವ ಮೊದಲೇ ಅದನ್ನು ಹಿಡಿದು, ಗೆರೆ ದಾಟುತ್ತಾನೆ. ಹೇಳುವುದಕ್ಕೆ ಇಷ್ಟೇ. ಆಡುವವರ ಉಸಿರು ಕೇಳಿದರೆ ಉಳಿದದ್ದು ಗೊತ್ತಾಗುತ್ತದೆ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಹಿಡಿಗಾರನನ್ನು ಆರಿಸುವ ಮನೆತನದವರು ಅವನ ಕೈಗೆ ವೀಳ್ಯ ಕೊಡಬೇಕು. ವೀಳ್ಯ ಹಿಡಿದ ಮೇಲೆ ಅವನು ಆ ಮನೆಯವನು. ಗೆದ್ದರೂ ಅವನೇ, ಸೋತರೂ ಅವನೇ, ಮೊಣಕಾಲು ಹಿಡಿದುಕೊಂಡು ಜಗಲಿಯಲ್ಲಿ ಕೂತರೂ ಅವನೇ. ಅವನಾಗಿ ಕಾಲಿನ ಗೆಜ್ಜೆ ಬಿಚ್ಚಿಟ್ಟು ಆಟ ನಿಲ್ಲಿಸುವ ತನಕ ಅವನನ್ನು ಬಿಡುವಂತಿಲ್ಲ. ಇನ್ನೊಂದು ಮನೆಯವರು ಒಪ್ಪಿದರೆ ಅದಲುಬದಲು ಮಾಡಿಕೊಳ್ಳಬಹುದು, ಅಷ್ಟೆ. ಹಾಗಾಗಿ ಮೊದಲ ವೀಳ್ಯ ಯಾರಿಗೆ, ಎರಡನೆಯದು ಯಾರಿಗೆ ಎಂದು ಮಣಿಕುಂದದ ಮನೆಮನೆಯಲ್ಲೂ ಜಗಳ. ಮದುವೆಗೆ ಗಂಡು ನೋಡುವಾಗಲೂ ಅಷ್ಟು ತಲೆ ಕೆಡಿಸಿಕೊಂಡವರಿಲ್ಲ.

ರಾಜನಿಗೆ ಇಬ್ಬರು ಮಕ್ಕಳು. ಮಗ ಮಲ್ಲಿದೇವ, ಒಳ್ಳೆಯವನು, ಆದರೆ ತಾಳ್ಮೆ ಎಂಬುದು ಅವನ ಬೀದಿಯಲ್ಲೂ ಸುಳಿದಿರಲಿಲ್ಲ. ಹಾಲು ಕಾಯುವ ಮೊದಲೇ ಕುಡಿದು, ತಣ್ಣಗಿದೆ ಎಂದು ಗೊಣಗುವ ಜಾತಿ. ಮಗಳು ಸೋಮಲೆ, ಅಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ನಲವತ್ತು ವರ್ಷ ದೊಡ್ಡದು. ಹಿಡಿಗಾರರನ್ನು ಕೊಳದ ಮೆಟ್ಟಿಲ ಮೇಲೆ ಮೇಲಿಂದ ಕೆಳಗೆ ಸಾಲಾಗಿ ನಿಲ್ಲಿಸಿ, ಮುಂದೆ ಯಾರು ಬಾಳುತ್ತಾರೆ, ಯಾರು ಬಾಡುತ್ತಾರೆ ಎಂದು ಹೇಳುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ.

ಒಂದು ದಿನ ಘೋರಜಟ ಎಂಬ ಮಾಂತ್ರಿಕ ಆಸ್ಥಾನಕ್ಕೆ ಬಂದ. ಅವನ ಗಡ್ಡ ಅವನಿಗಿಂತ ಎರಡು ಮೊಳ ಉದ್ದ. ಬಂದವನೇ, "ಮೂರು ಲೋಕದಲ್ಲಿ ನನ್ನಷ್ಟು ಚೆನ್ನಾಗಿ ಹಿಡಿಗಾರರನ್ನು ಆರಿಸೋರು ಯಾರಿದ್ದಾರೆ?" ಎಂದು ಮೀಸೆ ತಿರುವಿ ತನ್ನ ಆಯ್ಕೆಗಳನ್ನೆಲ್ಲ ಹೇಳಿಕೊಂಡ.

ಸೋಮಲೆ ಕೇಳಿ ಕೇಳಿ ಕೊನೆಗೆ ನಕ್ಕುಬಿಟ್ಟಳು. "ಮಾವಾ, ನೀವು ಆರಿಸಿರೋದು ಹಿಡಿಗಾರರನ್ನಲ್ಲ, ಹೋದ ವರ್ಷದ ಹೂಮಾಲೆಗಳನ್ನ. ಬಾಡಿದ ಹೂ ಮುಡಿದರೆ ಘಮ ಬರುತ್ತಾ?"

ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಮಾಂತ್ರಿಕ ಕೆಂಡವಾದ. ಗಡ್ಡ ಕೊಡವಿದ, ಮಂತ್ರ ಹೇಳಿದ. ಸೋಮಲೆ ಕೂತಿದ್ದ ಪೀಠದ ಮೇಲೆ ಒಂದು ಗೊರವಂಕ ಹಕ್ಕಿ ರೆಕ್ಕೆ ಬಡಿಯಿತು.

ಮಲ್ಲಿದೇವ ಕತ್ತಿ ಹಿರಿದ. ಘೋರಜಟ ಹಲ್ಲು ಕಿರಿದ. "ಕತ್ತಿ ಒಳಗಿಡು. ತಂಗಿ ಬೇಕಾದರೆ ಆಡಿ ಗೆಲ್ಲು. ಸುಳಿನಾಗನ ಬಯಲಲ್ಲಿ ಮೂರು ಯುಗಾದಿಗೆ ಮೂರು ಆಟ. ನೀನು ಎರಡು ಗೆದ್ದರೆ ಇವಳು ಮತ್ತೆ ಹುಡುಗಿ. ನಾನು ಎರಡು ಗೆದ್ದರೆ ಇವಳು ಸಾಯೋ ತನಕ ನನ್ನ ಪಂಜರದಲ್ಲಿ. ಮೊದಲ ಸಲ ನೀನು ಸೋತರೆ ಇವಳ ಮಾತೂ ಹೋಗುತ್ತೆ."

"ಒಪ್ಪಿಕೋ ಅಣ್ಣ," ಎಂದಿತು ಗೊರವಂಕ. ಮಾತು ಸೋಮಲೆಯದೇ. "ಆರಿಸೋದು ನನಗೆ ಬಿಡು."

ಸುಳಿನಾಗನ ಬಯಲೆಂದರೆ ಮಾಯೆಯ ಬಯಲು. ಸುಳಿನಾಗ ಎಂಬ ಮಹಾಸರ್ಪ ಬಯಲನ್ನು ಸುತ್ತಿ ಮಲಗಿತ್ತು. ಅದರ ಮೈಯೇ ಆಟದ ಗೆರೆ. ಅದರ ಮೇಲೆ ಹಾರಿದರೆ ಗೆರೆ ದಾಟಿದ ಹಾಗೆ. ಚೆಂಡು ಎಸೆಯಲು ಎರಡು ಕಡೆಗೂ ಒಂದೊಂದು ಹಿತ್ತಾಳೆಯ ಬೊಂಬೆ. ಕಾವಲಿಗೆ ಮೂರು ಕೋತಿಗಳು. ಒಬ್ಬನನ್ನು ಹಿಡಿದರೆ ಅಂಟಿನಂತೆ ಅಂಟುವಂಥವು. ಬೊಂಬೆಗೆ ಯಾರು ಗೆದ್ದ ಮಾಲೆಯೂ ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಕೋತಿಯಿಂದ ಬಿಡಿಸಿಕೊಂಡವನು ಯಾರೋ ಅವನಿಗೇ ಎಸೆಯುತ್ತದೆ. ಆ ಬಯಲಲ್ಲಿ ಯಾರಾದರೂ ಮಂತ್ರ ಹಾಕಿದರೆ ಸುಳಿನಾಗ ಅದನ್ನು ನುಂಗಿಬಿಡುತ್ತಿತ್ತು.

ಆರಿಸುವ ದಿನ ಆರು ಜನ ಹಿಡಿಗಾರರು ಕೊಳದ ಮೆಟ್ಟಿಲ ಮೇಲೆ ಕೂತರು. ಸರದಿ ಹೇಳುವುದೂ ಸುಳಿನಾಗನೇ. ಹಾವು ಹರಿದಂತೆ ಸರದಿ: ಮೊದಲು ಮಾಂತ್ರಿಕ ಒಬ್ಬನನ್ನು, ತಿರುಗಿ ರಾಜಕುಮಾರ ಇಬ್ಬರನ್ನು, ಮತ್ತೆ ತಿರುಗಿ ಮಾಂತ್ರಿಕ ಇಬ್ಬರನ್ನು. ಉಳಿದವನು ರಾಜಕುಮಾರನಿಗೆ.

ಘೋರಜಟ ಒಂದು ಕ್ಷಣವೂ ಯೋಚಿಸಲಿಲ್ಲ. ಗಜಪಾಲನಿಗೆ ವೀಳ್ಯ ಕೊಟ್ಟ. ಜನ ಹೋ ಎಂದು ಕೂಗಿದರು. ಗಜಪಾಲ ಹತ್ತು ವರ್ಷದಿಂದ ದೇಶಕ್ಕೇ ದೊಡ್ಡ ಹಿಡಿಗಾರ. ಅವನಿಗೆ ಬಿದ್ದ ಮಾಲೆಗಳನ್ನು ಗಾಡಿಯಲ್ಲಿ ಹೇರಬೇಕು.

"ಹೋಯ್ತು!" ಎಂದು ಮಲ್ಲಿದೇವ ತಲೆಗೆ ಕೈಹೊತ್ತ. "ಅವನೇ ಬೇಕಾಗಿತ್ತು ನನಗೆ."

"ಹೋಗ್ಲಿ ಬಿಡು," ಎಂದಿತು ಗೊರವಂಕ ಅವನ ಹೆಗಲ ಮೇಲಿಂದ. "ಎದ್ದು ನಿಲ್ಲುವಾಗ ಅವನ ಮಂಡಿ ಕಟಕಟ ಅಂದದ್ದು ಕೇಳಿಸಲಿಲ್ವಾ? ಈ ವರ್ಷ ಅವನು ಹುಲಿ. ಮುಂದಿನ ವರ್ಷ ಬೆಕ್ಕು. ಅದರ ಮುಂದಿನ ವರ್ಷ ಬರೀ ಮೀಸೆ. ನಮಗೆ ಮೂರು ವರ್ಷ ಬೇಕು."

ಮಲ್ಲಿದೇವನ ಕೈ ಮಿಂಚಯ್ಯನ ಕಡೆ ಹೋಯಿತು. ಗಾಳಿಗಿಂತ ಜೋರಾಗಿ ಓಡುವವನೆಂದು ಹೆಸರು ಅವನಿಗೆ. ಗೊರವಂಕ ಕಿವಿ ಕುಕ್ಕಿತು. "ಅವನು ಚೆಂಡಿಗಿಂತ ಮೊದಲೇ ಹೋಗಿ ನಿಲ್ತಾನೆ, ಸರಿ. ಆಮೇಲೆ ಬಂದ ಚೆಂಡನ್ನ ಬೆಣ್ಣೆ ಹಚ್ಚಿದ ಕೈಲಿ ಬೀಳಿಸ್ತಾನೆ."

"ಹಾಗಾದರೆ ಪದುಮಣ್ಣ? ಹೋದ ವರ್ಷ ಎಷ್ಟು ಹಿಡಿದ!"

"ಹೋದ ವರ್ಷ ಅವನಿಗೆ ಎಸೆದವನು ದೇಶಕ್ಕೇ ದೊಡ್ಡ ಎಸೆಗಾರ. ಬಾಯಿಗೇ ತುತ್ತಿಟ್ಟರೆ ಯಾರು ತಾನೇ ಉಣ್ಣೋಲ್ಲ? ಅಣ್ಣ, ಚೆಂಡು ಹಿಡಿಯೋದನ್ನ ಎಲ್ಲರೂ ನೋಡ್ತಾರೆ. ನೀನು ಚೆಂಡು ಬರೋ ಮುಂಚೆ ಕಾಲು ನೋಡು. ಎತ್ತ ಹೊರಳ್ತಾರೆ, ಕಾವಲಿಂದ ಹೇಗೆ ಬಿಡಿಸ್ಕೋತಾರೆ, ಅದನ್ನ ನೋಡು. ವಯಸ್ಸು ನೋಡು. ಬೆಳೆಯುವ ಸಿರಿ ಮೊಳಕೆಯಲ್ಲಿ ಅಂತಾರಲ್ಲ."

ಮಲ್ಲಿದೇವನ ಮೊದಲ ವೀಳ್ಯ ಅಂಬಿಗರ ಮನೆಯ ಬಿಜ್ಜಲೆಗೆ ಹೋಯಿತು. ಅವಳಿಗಿನ್ನೂ ಹದಿನೇಳು, ತೋಳೆರಡೂ ಕಡ್ಡಿ, ಒಂದು ಮಾಲೆಯನ್ನೂ ಕಂಡವಳಲ್ಲ. ಎರಡನೆಯದು ಕೆಂಚಣ್ಣನಿಗೆ. ಅವನು ಒಳ್ಳೆಯ ಪ್ರಾಯದವನೇ, ಆದರೆ ಕಣಕಾಲು ಉಳುಕಿ ಪಟ್ಟಿ ಕಟ್ಟಿಕೊಂಡು ಕುಂಟುತ್ತಿದ್ದ. ಜನ ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಮಾಂತ್ರಿಕ ಮಿಂಚಯ್ಯನನ್ನೂ ಪದುಮಣ್ಣನನ್ನೂ ಬಾಚಿಕೊಂಡ. ಕೊನೆಗೆ ಉಳಿದವನು ಬೊಮ್ಮಯ್ಯ. ಅವನು ಹಿಡಿಯುವುದು ಹೇಗೆಂದರೆ ಮನೆಯಲ್ಲಿ ತಂಬಿಗೆ ತೆಗೆದುಕೊಂಡ ಹಾಗೆ, ಸದ್ದಿಲ್ಲ, ಸಡಗರವಿಲ್ಲ. ಅವನ ಹೆಂಡತಿಯೇ ಅವನ ಆಟ ನೋಡುತ್ತ ಆಕಳಿಸುತ್ತಿದ್ದಳಂತೆ.

ಮೊದಲ ಯುಗಾದಿ ಬಂತು. ಗಜಪಾಲ ಹುಲಿಯಂತೆಯೇ ಆಡಿದ. ಕೆಂಚಣ್ಣ ಕುಂಟುತ್ತ ಓಡಿದ. ಬಿಜ್ಜಲೆ ಕೋತಿಗಳನ್ನು ನಾಲ್ಕು ಬಾರಿ ಏಮಾರಿಸಿ, ಚೆಂಡನ್ನು ಮೂರು ಬಾರಿ ಕೈಬಿಟ್ಟಳು. ಬೊಮ್ಮಯ್ಯ ತನ್ನ ಪಾಲಿನದನ್ನು ಹಿಡಿದ. ಅದು ಯಾವ ಮೂಲೆಗೆ ಸಾಕು? ಮಣಿಕುಂದ ಸೋತಿತು.

ಗೊರವಂಕ ಏನೋ ಹೇಳಲು ಕೊಕ್ಕು ತೆರೆಯಿತು. ಬಂದದ್ದು ಬರೀ ಹಕ್ಕಿಯ ಕೀಚಲು. ಮಲ್ಲಿದೇವ ಅದನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿಕೊಂಡು, ಜನರೆದುರೇ ಬಿಕ್ಕಿ ಬಿಕ್ಕಿ ಅತ್ತ. ತಂಗಿಯ ಬೈಗುಳವಿಲ್ಲದ ಅರಮನೆ ಅವನಿಗೆ ಉಪ್ಪಿಲ್ಲದ ಊಟವಾಯಿತು.

ಆಗ ಘೋರಜಟ ಜೇನು ಸುರಿಸುತ್ತ ಬಂದ. "ರಾಜಕುಮಾರಾ, ನನಗೂ ಕರುಳಿದೆಯಪ್ಪ. ಆ ಕಡ್ಡಿ ತೋಳಿನ ಹುಡುಗಿಯನ್ನ ನನಗೆ ಕೊಡು, ಗಜಪಾಲನನ್ನ ನಿನಗೆ ಕೊಡ್ತೀನಿ. ಮುಂದಿನ ಯುಗಾದಿಗೆ ಗೆಲುವು ನಿನ್ನ ಮನೆ ಬಾಗಿಲಿಗೆ ಬರುತ್ತೆ. ನಾಳೆ ಬೆಳಗ್ಗೆ ಹೇಳು."

ಮಂತ್ರಿಗಳು "ಒಪ್ಪಿಕೊಳ್ಳಿ" ಎಂದರು. ಅಡುಗೆಯವರೂ ಅದನ್ನೇ ಹೇಳಿದರು. ರಾಜ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಕಣ್ಣಲ್ಲಿ ಅದೇ ಇತ್ತು. ಮಲ್ಲಿದೇವನ ಮನಸ್ಸೂ ಅತ್ತಲೇ ವಾಲಿತು. ಹಳೆಯ ಮಲ್ಲಿದೇವನಾಗಿದ್ದರೆ ನಿಂತ ನಿಲುವಿನಲ್ಲೇ ಹೂಂ ಅಂದುಬಿಡುತ್ತಿದ್ದ. ಹಕ್ಕಿಯನ್ನು ಕೇಳಿದ, ಪಾಪ, ಅದು ಏನು ಹೇಳೀತು? ಈಗ ನೋಡಬೇಕಾದವನು ಅವನೇ.

ಬೆಳಕು ಹರಿಯುತ್ತಲೇ ಅವನು ಬಯಲಿನ ಅಂಚಿಗೆ ಹೋಗಿ ಕೂತ. ಬಿಜ್ಜಲೆ ಒಬ್ಬಳೇ ಕೋತಿಗಳೊಡನೆ ಓಡುತ್ತಿದ್ದಳು. ಅವನು ಅವಳ ಕೈ ನೋಡಲಿಲ್ಲ, ಕಾಲು ನೋಡಿದ. ಎಡಕ್ಕೆಂದು ಹೊರಟ ಕಾಲು ಬಲಕ್ಕೆ ಹೊರಳಿತು. ಕೋತಿ ಎಡಕ್ಕೇ ಹಾರಿ ಮೂಗು ಜಜ್ಜಿಕೊಂಡಿತು. ಮತ್ತೊಮ್ಮೆ ಹಾಗೆಯೇ. ಇನ್ನೊಮ್ಮೆಯೂ ಹಾಗೆಯೇ. ಕೋತಿಗಳು ಸುಸ್ತಾಗಿ ಕೂತು ಒಂದರ ಹೇನು ಒಂದು ನೋಡತೊಡಗಿದವು.

"ಚೆಂಡು ಯಾಕೆ ಕೈಬಿಟ್ಟೆ ಬಿಜ್ಜಲೆ?" ಎಂದು ಕೇಳಿದ.

"ಹೆದರಿಕೆ ಆಯ್ತು ಸ್ವಾಮಿ," ಎಂದಳು ಅವಳು ನೆಲ ನೋಡುತ್ತ. "ಅಷ್ಟು ಜನ ಕೂಗೋದನ್ನ ನಾನು ಯಾವತ್ತೂ ಕೇಳಿರಲಿಲ್ಲ. ಹೊಳೇಲಿ ಎಸೆದ ಹಗ್ಗ ಯಾವತ್ತೂ ಬಿಟ್ಟವಳಲ್ಲ ನಾನು."

ಮಲ್ಲಿದೇವ ನಕ್ಕ. ಹೆದರಿಕೆ ಹೋಗುತ್ತದೆ, ಇಂಥ ಕಾಲು ಬರುವುದಿಲ್ಲ ಎಂದುಕೊಂಡ. ಮಾಂತ್ರಿಕನ ಬಳಿಗೆ ಹೋಗಿ, "ಬದಲು ಇಲ್ಲ, ಗಿದಲು ಇಲ್ಲ. ವೀಳ್ಯ ಕೊಟ್ಟಿದ್ದೀನಿ, ಮುಗೀತು," ಎಂದ. ಹೆಗಲ ಮೇಲಿನ ಗೊರವಂಕ ಅವನ ಕೆನ್ನೆಗೆ ತಲೆ ಉಜ್ಜಿತು.

ಎರಡನೆಯ ಯುಗಾದಿಗೆ ಬಿಜ್ಜಲೆಯ ತೋಳಿಗೆ ಬಲ ಬಂದಿತ್ತು, ಎದೆಗೆ ಧೈರ್ಯ ಬಂದಿತ್ತು. ಕೆಂಚಣ್ಣನ ಕಾಲು ವಾಸಿಯಾಗಿತ್ತು. ಅತ್ತ ಗಜಪಾಲನ ಮಂಡಿ ಆಟದ ನಡುವೆ ಗಲಾಟೆ ಶುರುಮಾಡಿತು. ಮಿಂಚಯ್ಯ ಎಲ್ಲರಿಗಿಂತ ಮೊದಲು ಹೋಗಿ ನಿಂತು ಎಲ್ಲವನ್ನೂ ಬೀಳಿಸಿದ. ಪದುಮಣ್ಣನಿಗೆ ಅಂಟಿದ ಕೋತಿ ಬಿಡಲೇ ಇಲ್ಲ. ಬೊಂಬೆ ಅವನತ್ತ ತಿರುಗಿಯೂ ನೋಡಲಿಲ್ಲ. ಮಣಿಕುಂದ ಗೆದ್ದಿತು. ಮಂತ್ರಿಗಳು "ನಾವು ಆಗಲೇ ಹೇಳಿರಲಿಲ್ವೇ?" ಎಂದರು. ಮಂತ್ರಿಗಳು ಎಲ್ಲ ಕಾಲದಲ್ಲೂ ಹಾಗೆಯೇ.

ಮೂರನೆಯ ಯುಗಾದಿಯ ಬೆಳಗ್ಗೆ ಗಜಪಾಲ ಬಯಲಿನ ನಡುವೆ ನಿಂತು ಗೆಜ್ಜೆ ಬಿಚ್ಚಿದ. "ಆಡಿದ್ದು ಸಾಕು ಮಾಂತ್ರಿಕರೇ. ಮೊಮ್ಮಗು ಹುಟ್ಟಿದೆ, ಇನ್ನು ಅದನ್ನ ಎತ್ತಿ ಹಿಡೀತೀನಿ." ಜನ ಎದ್ದು ನಿಂತು ಅವನಿಗೆ ಕೈಮುಗಿದರು. ಮಲ್ಲಿದೇವನೂ ಮುಗಿದ.

ಮೂವರು ಬೇಕಾದಲ್ಲಿ ಮಾಂತ್ರಿಕನಿಗೆ ಇಬ್ಬರೇ ಉಳಿದರು. ವೀಳ್ಯ ಹಿಡಿದ ಬೇರೆ ಯಾರೂ ಇಲ್ಲ. ಮನೆಯ ಯಜಮಾನ ತಾನೇ ಆಡಬಹುದು ಎಂದಿತು ಸುಳಿನಾಗ. ಘೋರಜಟ ಗಡ್ಡವನ್ನು ಸೊಂಟಕ್ಕೆ ಸುತ್ತಿಕೊಂಡು ಬಯಲಿಗಿಳಿದ.

ನಗಬೇಡಿ. ಅವನು ತಿಣುಕುತ್ತಲೇ ಚೆನ್ನಾಗಿ ಆಡಿದ. ಅವನ ಮೈವಾಸನೆಗೆ ಯಾವ ಕೋತಿಯೂ ಹತ್ತಿರ ಸುಳಿಯಲಿಲ್ಲ, ಹಾಗಾಗಿ ಬೊಂಬೆ ಅವನಿಗೇ ಎಸೆಯಿತು. ಸಂಜೆಯಾಗುವಾಗ ಎರಡೂ ಕಡೆ ಸಮಸಮ. ಇನ್ನು ಒಂದೊಂದು ಎಸೆತ ಮಾತ್ರ ಉಳಿದಿತ್ತು.

ಮೊದಲು ಮಾಂತ್ರಿಕನ ಸರದಿ. ಚೆಂಡು ನೇರ ಅವನ ಕಡೆಗೇ ಬಂತು. ಅವನು ಕತ್ತೆತ್ತಿ ಓಡಿದ. ಓಡುವಾಗ ಸೊಂಟದ ಗಡ್ಡ ಬಿಚ್ಚಿಕೊಂಡಿತು. ತನ್ನ ಗಡ್ಡವನ್ನು ತಾನೇ ತುಳಿದು, ಮೂಗಿನ ಮೇಲೆ ದೊಪ್ಪನೆ ಬಿದ್ದ. ಚೆಂಡು ಅವನ ಬೆನ್ನಿನ ಮೇಲೆ ಪುಟಿದು ನೆಲಕ್ಕೆ ಉರುಳಿತು.

ಈಗ ಮಣಿಕುಂದದ ಸರದಿ. "ಬಿಜ್ಜಲೆ! ಬಿಜ್ಜಲೆ!" ಎಂದು ಇಡೀ ಬಯಲು ಕೂಗಿತು. ಆ ಕೂಗು ಕೋತಿಗಳಿಗೂ ಕೇಳಿಸಿತ್ತು. ಎರಡು ಕೋತಿಗಳು ಬಿಜ್ಜಲೆಯ ಸುತ್ತ ಕಾದು ನಿಂತಿದ್ದವು. ಇನ್ನೊಂದು ಕೆಂಚಣ್ಣನ ಬೆನ್ನೇರಿತ್ತು. ಮಲ್ಲಿದೇವ ಮೂವರ ಕಾಲುಗಳನ್ನೂ ನೋಡಿದ. ನೋಡಿ, ಬಿಜ್ಜಲೆಯ ಕಿವಿಯಲ್ಲಿ ಹೇಳಿದ: "ನೀನು ದೂರ ಓಡು. ಎಷ್ಟಾಗುತ್ತೋ ಅಷ್ಟು ದೂರ. ಚೆಂಡು ನಿನಗೆ ಬರೋದಿಲ್ಲ."

ಅವಳಿಗೆ ಅರ್ಥವಾಯಿತು. ಬಾಣದಂತೆ ಓಡಿದಳು, ಎರಡು ಕೋತಿಗಳೂ ಅವಳ ಹಿಂದೆಯೇ ಹೋದವು. ಖಾಲಿಯಾದ ನಡುಬಯಲಿಗೆ ಬೊಮ್ಮಯ್ಯ ನಡೆದು ಬಂದ. ಬೊಂಬೆ ಎಸೆಯಿತು. ಅವನು ತಂಬಿಗೆ ತೆಗೆದುಕೊಂಡ ಹಾಗೆ ಚೆಂಡು ತೆಗೆದುಕೊಂಡ, ಸುಳಿನಾಗನ ಮೈಯನ್ನು ಹೊಸಿಲಂತೆ ದಾಟಿದ. ಅವನ ಹೆಂಡತಿ ಅಂದು ಆಕಳಿಸಲಿಲ್ಲ. ಎರಡು ಬೆರಳು ಬಾಯಿಗಿಟ್ಟು ಹಾಕಿದ ಸಿಳ್ಳೆಗೆ ಕೊಳದ ಕೊಕ್ಕರೆಗಳೆಲ್ಲ ಎದ್ದುಹೋದವು.

"ಇಲ್ಲ! ಒಪ್ಪೋದಿಲ್ಲ!" ಎಂದು ಮಾಂತ್ರಿಕ ಧೂಳಿನಿಂದೆದ್ದ. "ನಿಮ್ಮನ್ನೆಲ್ಲ ಹಕ್ಕಿ ಮಾಡ್ತೀನಿ!" ಬಯಲಲ್ಲಿ ನಿಂತೇ ಮಂತ್ರ ಶುರುಮಾಡಿದ. ಸುಳಿನಾಗ ಆಕಳಿಸಿದಂತೆ ಬಾಯಿ ತೆರೆದು ಆ ಮಂತ್ರವನ್ನು ನುಂಗಿತು. ಹಿಂದೆಯೇ ಅವನಲ್ಲಿದ್ದ ಹಳೆಯ ಮಂತ್ರಗಳೂ ದಾರದಲ್ಲಿ ಕೋದಂತೆ ಒಂದೊಂದಾಗಿ ಹೋದವು. ಕೊನೆಗೆ ಗಡ್ಡವೂ ಉದುರಿತು. ಅಲ್ಲಿ ನಿಂತವನು ಬೋಳು ಗಲ್ಲದ ಒಬ್ಬ ಗಾಬರಿಯ ಮುದುಕ, ಅಷ್ಟೆ. ಮುಂದೆ ಅವನು ಮಣಿಕುಂದದಲ್ಲೇ ಚೆಂಡು ಹೊಲಿಯುತ್ತ ಉಳಿದ. ಒಳ್ಳೆಯ ಚೆಂಡನ್ನೇ ಹೊಲಿಯುತ್ತಿದ್ದನಂತೆ.

ಇತ್ತ ಮಲ್ಲಿದೇವನ ಹೆಗಲ ಮೇಲಿದ್ದ ಗೊರವಂಕ ಇದ್ದಕ್ಕಿದ್ದಂತೆ ಭಾರವಾಯಿತು. ಎಷ್ಟು ಭಾರವೆಂದರೆ ಅಣ್ಣ ತಂಗಿ ಇಬ್ಬರೂ ಧೊಪ್ಪನೆ ಧೂಳಿಗೆ ಬಿದ್ದರು. ಸೋಮಲೆ! ಕೂದಲು ಕೆದರಿಕೊಂಡು, ಮೂಗಿಗೆ ಮಣ್ಣು ಮೆತ್ತಿಕೊಂಡು, ಅದೇ ಸೋಮಲೆ.

ಮಲ್ಲಿದೇವ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ಏನಾದ್ರೂ ಹೇಳೇ," ಎಂದ. "ಒಂದು ಮಾತು ಹೇಳು."

"ಒಂದೇನು?" ಎಂದಳು ಸೋಮಲೆ. "ಎರಡು ವರ್ಷದ್ದು ಬಾಕಿ ಇದೆ. ಹೋದ ಯುಗಾದೀಲಿ ಕೆಂಚಣ್ಣನನ್ನ ಎಡಗಡೆ ಯಾಕೋ ನಿಲ್ಲಿಸಿದೆ? ಸೂರ್ಯ ಅವನ ಕಣ್ಣಿಗೇ ಹೊಡೀತಿತ್ತು! ಕಿವಿ ತೂತಾಗೋ ಹಾಗೆ ಕುಕ್ಕಿದೆ, ನೀನು ಹಸಿವೇನೋ ಅಂತ ಕಾಳು ತಂದಿಟ್ಟೆ!"

ಅವನು ಅಳುತ್ತ ನಕ್ಕ, ನಗುತ್ತ ಅತ್ತ. ಅವಳು ಬೈಯುತ್ತ ಬೈಯುತ್ತ ತಾನೂ ಅತ್ತಳು. ಅರಮನೆಗೆ ಹೋಗುವ ದಾರಿಯುದ್ದಕ್ಕೂ ಅವಳು ಬೈದಳು, ಅವನು ಹೂಂಗುಟ್ಟಿದ. ಮುಂದೆ ಮೆರವಣಿಗೆಯ ವಾದ್ಯ ಮೊಳಗುತ್ತಿತ್ತು. ಮಲ್ಲಿದೇವನಿಗೆ ಅದೊಂದೂ ಕೇಳಿಸಲಿಲ್ಲ. ಬೇಕಾದ ಸಂಗೀತ ಅವನ ಕಿವಿಯ ಪಕ್ಕದಲ್ಲೇ ನಡೆದು ಬರುತ್ತಿತ್ತು.