ಮೂರು ಮುಚ್ಚಳ ಸಿರಪ್ಪು, ಅರ್ಧ ಉಪವಾಸ

ನಿನ್ನೆ ಸಂಜೆ ಕುಡಿದ ಔಷಧಿ ಇವತ್ತು ಹಗಲು ಕೆಲಸ ಶುರು ಮಾಡಿದರೆ ಉಪವಾಸ ಮುರಿದಂತೆಯೋ, ಅಲ್ಲವೋ? ಬೆಳಗಿನಿಂದ ಬಾಯಿಗೆ ಏನೂ ಹಾಕಿಲ್ಲ, ನಿಜ. ಆದರೆ ಹೊಟ್ಟೆ ಸುಮ್ಮನಿಲ್ಲವಲ್ಲ!

ತ್ಲೆಮ್ಸೆನ್ ಊರಿನ ಶಾಲೆಯ ಮೂರನೇ ಬೆಂಚಿನಲ್ಲಿ ಕೂತು ಶುಐಬ್ ಇದನ್ನೇ ಯೋಚಿಸುತ್ತಿದ್ದ. ಕೊನೆಗೆ ತಡೆಯಲಾರದೆ ಪಕ್ಕದ ಝೈನುವಿನ ಕಿವಿಯಲ್ಲಿ ಪಿಸುಗುಟ್ಟಿದ.

"ಲೋ, ಒಬ್ಬ ಹುಡುಗ ಇದ್ದಾನೆ ಅಂತಿಟ್ಕೋ. ನಮ್ಮ ಕ್ಲಾಸಲ್ಲ, ಬೇರೆ ಕ್ಲಾಸು..."

"ಆ ಹುಡುಗನ ಹೊಟ್ಟೆ ಗುಡುಗ್ತಿರೋದು ನಂಗೂ ಕೇಳಿಸ್ತಿದೆ ಕಣೋ," ಎಂದ ಝೈನು.

ಇಷ್ಟಕ್ಕೆಲ್ಲ ಶುಐಬನ ಜಾಣತನವೇ ಕಾರಣ. ರಂಜಾನಿನಲ್ಲಿ ಅವನು ಇಡೀ ದಿನ ಉಪವಾಸ ಮಾಡುವುದು ಇದೇ ಮೊದಲು. ಸಂಜೆ ನೆಂಟರೆಲ್ಲ ಬರುತ್ತಾರೆ. ಮೊದಲ ಉಪವಾಸದ ಪದ್ಧತಿಯಂತೆ ಅವನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಅಜ್ಜಿಯ ಬೆಳ್ಳಿ ಉಂಗುರ ಹಾಕಿದ ನಿಂಬೆ ಶರಬತ್ತು ಕುಡಿಸುತ್ತಾರೆ. ಇದಕ್ಕೆಂದು ಅವನು ವಾರದಿಂದ ತಾನೇ ತರಬೇತಿ ನಡೆಸಿದ್ದ. ನೀರನ್ನು ಆದಷ್ಟು ಕಡಿಮೆ ಕುಡಿಯುವುದು! ಒಂಟೆಗೆ ಆಗುವುದು ತನಗೇಕೆ ಆಗದು?

ಒಂಟೆಗೆ ಏನಾಗುತ್ತದೋ ಗೊತ್ತಿಲ್ಲ. ಶುಐಬನಿಗಂತೂ ಐದು ದಿನ ಮಲವೇ ಆಗಲಿಲ್ಲ.

ಮೊನ್ನೆ ಸಂಜೆ ನಸೀಮಾ ಅತ್ತೆ ಸಿರಪ್ಪು ತಂದಿದ್ದಳು. ಅವಳಿಗೆ ಔಷಧಿ ಅಂಗಡಿಯಲ್ಲಿ ಕೆಲಸ.

"ನೋಡು, ಈ ಗೆರೆವರೆಗೆ. ದಿನಕ್ಕೆ ಒಂದೇ ಮುಚ್ಚಳ. ಮೇಲೆ ದೊಡ್ಡ ಲೋಟ ನೀರು, ಮಲಗೋ ಮುಂಚೆ ಇನ್ನೂ ಎರಡು ಲೋಟ. ಇದು ಕರುಳಿಗೆ ನೀರು ಎಳ್ಕೊಂಡು ಮೆತ್ತಗೆ ಮಾಡುತ್ತೆ. ನೀನು ನೀರೇ ಕುಡೀದಿದ್ರೆ ಪಾಪ, ಅದು ಎಲ್ಲಿಂದ ಎಳ್ಕೊಳ್ಳುತ್ತೆ? ಒಂದೆರಡು ದಿನ ಹಿಡಿಯುತ್ತೆ, ಅವಸರ ಬೇಡ. ಹೊಟ್ಟೆನೋವು ಜೋರಾದ್ರೆ, ವಾಂತಿ ಬಂದ್ರೆ ತಕ್ಷಣ ಹೇಳು, ಡಾಕ್ಟರ ಹತ್ರ ಹೋಗೋಣ."

ಒಂದು ಮುಚ್ಚಳ ಕುಡಿದರೂ ಮರುದಿನ ಏನೂ ಆಗಲಿಲ್ಲ. ಐದು ದಿನದ ಹೊರೆ ಹೊತ್ತು ಆ ಕುರ್ಚಿ ಏರುವುದು ಹೇಗೆ? ಶುಐಬ್ ಲೆಕ್ಕ ಹಾಕಿದ. ಒಂದು ಮುಚ್ಚಳಕ್ಕೆ ಎರಡು ದಿನವಾದರೆ, ಮೂರು ಮುಚ್ಚಳಕ್ಕೆ ಒಂದೇ ರಾತ್ರಿ ಸಾಕು. ಲೆಕ್ಕದಲ್ಲಿ ಅವನು ಕ್ಲಾಸಿಗೇ ಎರಡನೆಯವನು. ನಿನ್ನೆ ಸಂಜೆ ಯಾರೂ ಇಲ್ಲದಾಗ ಮೂರು ಮುಚ್ಚಳ ಗಟಗಟ ಕುಡಿದುಬಿಟ್ಟ.

ಈಗ ಆ ಲೆಕ್ಕದ ಉತ್ತರ ಬರತೊಡಗಿತು. ಶುಐಬ್ ಟಾಯ್ಲೆಟ್ಟಿಗೆ ಓಡಿದ. ಬಂದ. ಮತ್ತೆ ಓಡಿದ. ನಾಲ್ಕನೇ ಸಲ ಮೇಷ್ಟ್ರು ಕ್ಲಾಸಿನ ಬಾಗಿಲನ್ನು ತೆರೆದೇ ಇಟ್ಟರು.

ಮಧ್ಯಾಹ್ನ ಮನೆ ಸೇರುವಾಗ ಅವನ ಕಾಲು ನಡುಗುತ್ತಿತ್ತು. ತುಟಿ ಒಣಗಿತ್ತು. ಅಜ್ಜಿ ಅವನ ಮುಖ ನೋಡಿದವಳೇ ಅತ್ತೆಯನ್ನು ಕರೆದಳು.

"ಎಷ್ಟು ಮುಚ್ಚಳ ಕುಡಿದೆ?" ಅತ್ತೆ ಕೇಳಿದಳು.

"ಒಂದು."

ಅತ್ತೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಬಾಟಲಿ ಬೇರೇನೋ ಹೇಳ್ತಿದೆಯಲ್ಲಪ್ಪ?"

"...ಮೂರು."

ಅತ್ತೆ ಬೈಯಲಿಲ್ಲ. ಭೇದಿಯಾದವರಿಗೆ ಕೊಡುವ ಉಪ್ಪು-ಸಕ್ಕರೆಯ ಪುಡಿಯನ್ನು ನೀರಿಗೆ ಕದಡಿ ತಂದಳು. "ಸ್ವಲ್ಪ ಸ್ವಲ್ಪವಾಗಿ ಕುಡಿ. ನಾನು ಹೇಳೋವರೆಗೂ ಸಿರಪ್ಪು ಮುಟ್ಟಬೇಡ."

ಶುಐಬ್ ಬಾಯಿ ಬಿಗಿದುಕೊಂಡ. ನಡುಮನೆಯಲ್ಲಿ ಕುರ್ಚಿಗೆ ಆಗಲೇ ಕೆಂಪು ದಿಂಬು ಹಾಕಿದ್ದರು.

"ಕಾಯಿಲೆಯವರಿಗೆ ದೇವರೇ ವಿನಾಯಿತಿ ಕೊಟ್ಟಿದ್ದಾನೆ," ಎಂದಳು ಅಜ್ಜಿ. "ಬೇಡ ಅನ್ನೋಕೆ ನೀನ್ಯಾವ ದೊರೆ? ಕುಡಿ."

ಅವನು ಕುಡಿದ. ಉಪ್ಪುಪ್ಪಾಗಿತ್ತು. ಅರ್ಧ ಅವನ ಕಣ್ಣೀರಿನದೇ ಇರಬೇಕು.

"ಅಳಬೇಡ. ಇವತ್ತು ಅರ್ಧ ದಿನ ಆಯ್ತು. ಹೊಟ್ಟೆ ಸರಿಹೋದ್ಮೇಲೆ ಇನ್ನರ್ಧ ಮಾಡು. ಎರಡನ್ನೂ ಸೇರಿಸಿ ಒಂದು ಪೂರ್ತಿ ಉಪವಾಸ ಹೊಲಿದುಬಿಡ್ತೀನಿ."

"ಹೊಲಿಯೋದು ಪುಟ್ಟ ಮಕ್ಕಳಿಗೆ ಅಜ್ಜಿ! ನಂಗೆ ಹತ್ತು ವರ್ಷ. ಅಪ್ಪ ಒಂದೇ ದಿನದಲ್ಲಿ ಪೂರ್ತಿ ಮಾಡಿದ್ನಂತೆ."

ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು. "ನಿಮ್ಮಪ್ಪ ಆವತ್ತು ಮಧ್ಯಾಹ್ನ ಕೋಳಿಗೂಡಿನ ಹಿಂದೆ ಕೂತ್ಕೊಂಡು ರೊಟ್ಟಿ ತಿಂದಿದ್ದ. ಕಿಟಕೀಲಿ ನೋಡ್ದೆ. ನಾನು ನೋಡಿದ್ದು ಅವನಿಗೆ ಇವತ್ತಿಗೂ ಗೊತ್ತಿಲ್ಲ."

"ಬೈಲಿಲ್ವಾ?"

"ಯಾಕೆ ಬೈಯ್ಲಿ? ಆ ದಿನಾನೂ ಹೊಲಿದೆ. ಅವನಿಗೆ ಹೇಳ್ದೆ ಹೊಲಿದೆ, ಅಷ್ಟೇ."

ಸಂಜೆ ಬಾಂಗು ಕೇಳಿಸಿತು. ಶುಐಬ್ ಕುರ್ಚಿಯಲ್ಲಿ ಕೂತಿದ್ದ. ಶರಬತ್ತಿನ ಲೋಟದ ತಳದಲ್ಲಿ ಉಂಗುರ ಹೊಳೆಯುತ್ತಿತ್ತು.

"ಏನಪ್ಪ ಗಂಡಸೇ, ಪೂರ್ತಿ ದಿನ ಆಯ್ತಾ?" ಪಕ್ಕದ ಮನೆಯ ಮಾಮ ಕೇಳಿದ.

ಎಲ್ಲರೂ ಅವನತ್ತ ತಿರುಗಿದರು. 'ಹೂಂ' ಅಂದರೆ ಮುಗಿಯಿತು.

"ಅರ್ಧ ದಿನ ಮಾಮ. ಹೊಟ್ಟೆ ಕೆಟ್ಟಿತ್ತು. ಇನ್ನರ್ಧ ಆಮೇಲೆ. ಅಜ್ಜಿ ಹೊಲೀತಾಳೆ."

ಎಲ್ಲರೂ ಗೊಳ್ಳೆಂದು ನಕ್ಕರು. ಕಿವಿ ಬಿಸಿಯಾದರೂ ಶುಐಬನಿಗೂ ನಗು ಬಂತು. ಅಜ್ಜಿ ಶರಬತ್ತನ್ನು ಅವನ ಕೈಗಿಟ್ಟಳು.

ಅಪ್ಪ ಬೆನ್ನು ತಟ್ಟಿದ. "ಇರ್ಲಿ ಬಿಡು ಮಗನೇ. ನಾನಂತೂ ನಿನ್ನ ವಯಸ್ಸಲ್ಲಿ ಒಂದು ಹನಿ ನೀರಿಲ್ಲ, ಒಂದು ತುತ್ತು ರೊಟ್ಟಿಯಿಲ್ಲ..."

ಮಾತು ಅಲ್ಲಿಗೇ ನಿಂತಿತು. ಅಪ್ಪ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ನೋಡಿದ. ಆಮೇಲೆ ಅದನ್ನು ಸಾರಿನಲ್ಲಿ ಅದ್ದತೊಡಗಿದ, ಮೆಲ್ಲಗೆ, ತುಂಬ ಹೊತ್ತು. ಅಜ್ಜಿ ಇನ್ಯಾರಿಗೋ ಖರ್ಜೂರ ಬಡಿಸಲು ಎದ್ದುಹೋದಳು.

ಶುಐಬನ ತುಟಿಗೆ ಉಂಗುರ ತಣ್ಣಗೆ ತಗುಲಿತು. ಅವನು ಶರಬತ್ತನ್ನು ಪೂರ್ತಿ ಕುಡಿದ.

ಕೋಳಿಗೂಡಿನ ಹಿಂದಿನ ರೊಟ್ಟಿಯ ವಿಷಯವನ್ನು ಅವನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.