ಅವನ ಮೊಣಕಾಲು, ಅವಳ ಸೇಡು

ಶಾಲೆಯ ಕಟ್ಟೆಯ ಮೇಲೆ ಕುಳಿತು ಹರಿದ ವಾಲಿಬಾಲ್ ನೆಟ್ ಹೊಲಿಯುತ್ತಿದ್ದ ಗುರವ್ವ ತಲೆ ಎತ್ತಿದಳು. ಗೇಟಿನ ಬಳಿ ನಿಂತವನ ಗುರುತು ಹತ್ತಿದ ಕೂಡಲೇ ಸೂಜಿ ಬೆರಳಿಗೆ ಚುಚ್ಚಿತು.

ಬಮ್ಮಿಗಟ್ಟಿಯ ಮಡಿವಾಳೆಪ್ಪ!

ಎರಡು ವರ್ಷದ ಹಿಂದೆ, ಎಂಬತ್ತೆರಡನೆಯ ಇಸವಿಯಲ್ಲಿ, ತನ್ನನ್ನು ನೋಡಲು ಬಂದಿದ್ದವನು. ಅವ್ವ ಮಾಡಿದ ಸಜ್ಜಕ ತಿಂದು, ನಗುನಗುತ್ತಾ ಎದ್ದು ಹೋಗಿ, ವಾರ ಕಳೆಯುವುದರೊಳಗೆ 'ಕುಂಟಿ ನಮಗ ಬ್ಯಾಡ' ಎಂದು ಹೇಳಿ ಕಳಿಸಿದವನು.

ಈಗ ಅವನೇ ಕುಂಟುತ್ತಾ ಅಂಗಳ ದಾಟಿ ಬರುತ್ತಿದ್ದ.

'ಶಿವನೇ, ನಿನಗೂ ಕಣ್ಣ ಅದಾವು...' ಎಂದುಕೊಂಡಳು.

"ನಮಸ್ಕಾರ್ರಿ ಟೀಚರ," ಎಂದ ಅವನು, ಮುಖ ನೋಡದೆ. "ಮೊಣಕಾಲ ತೋರಿಸ್ಬೇಕಾಗಿತ್ತು. ಡಾಕ್ಟರ ಗುಳಿಗಿ ಕೊಟ್ಟಾರ. ಗುಳಿಗಿ ಬಿಟ್ಟ ಮರುದಿನಾನ ನೋವು ಮತ್ತ ಹಂಗ ಐತ್ರಿ. ಗರಡಿ ಮನಿ ಮಲಿಕಸಾಬ್ ಕಾಕಾನ ಕಡೆ ಹೋದ್ರ, ಓಡೂ ಮಂದಿ ಮೊಣಕಾಲ ಗುರವ್ವಗ ಗೊತ್ತು, ಅಲ್ಲಿ ಹೋಗು ಅಂದ್ರು."

ಹೌದು, ಗುರವ್ವನಿಗೆ ಗೊತ್ತಿತ್ತು. ಧಾರವಾಡದಲ್ಲಿ ಕಾಲೇಜು ಓದುವಾಗ ಅವಳು ಸಾವಿರದ ಐನೂರು ಮೀಟರ್ ಓಡುತ್ತಿದ್ದಳು. ಆಗ ಅವಳಿಗೂ ಇದೇ ನೋವು ಬಂದು ಕುಂಟುವಂತಾಗಿತ್ತು. ಕಲಘಟಗಿಯಲ್ಲಿ ಪೈಲ್ವಾನರ ಮೈ ತಿಕ್ಕುತ್ತಿದ್ದ ಮುದುಕ ಮಲಿಕಸಾಬ ಅವಳನ್ನು ಆರು ತಿಂಗಳಲ್ಲಿ ನೆಟ್ಟಗೆ ಮಾಡಿದ್ದ. ಮಾಡುತ್ತಾ ಮಾಡುತ್ತಾ ವಿದ್ಯೆಯನ್ನೂ ಕಲಿಸಿದ್ದ.

ಕಾಲು ವಾಸಿಯಾಯಿತು. ಆದರೆ 'ಕುಂಟಿ' ಎಂಬ ಹೆಸರು ವಾಸಿಯಾಗಲಿಲ್ಲ. ಆಮೇಲೆ ಬಂದ ಎರಡು ಸಂಬಂಧಗಳೂ ಊರ ಅಗಸೆ ಬಾಗಿಲಿನಿಂದಲೇ ತಿರುಗಿ ಹೋದವು. "ಈ ಓಟದಿಂದನ ಮನಿ ಮರ್ಯಾದಿ ಹೋತು," ಎಂದು ಅಪ್ಪ ಅವಳ ಬೂಟುಗಳನ್ನು ಒಲೆಗೆ ಹಾಕಿದ್ದ. ಈಗ ಅವಳು ದೇವಿಕೊಪ್ಪದ ಶಾಲೆಯಲ್ಲಿ ಪಿ.ಟಿ. ಟೀಚರು. ಮಕ್ಕಳನ್ನು ಓಡಿಸುತ್ತಾಳೆ, ತಾನು ಓಡುವುದಿಲ್ಲ.

"ಎಲ್ಲಿ ನೋಯ್ತೈತಿ?" ಎಂದಳು, ತಣ್ಣಗೆ.

"ಚಿಪ್ಪಿನ ಹಿಂದ್ರಿ. ಮೊದಲ ಒಂದ ಮೈಲು ಏನೂ ಅನ್ಸೂದಿಲ್ಲ, ಆಮ್ಯಾಲ ಸುರು ಆಗತೈತಿ. ಮೆಟ್ಟಲಾ ಇಳಿಯೂ ಮುಂದ ಭಾಳ. ಬಸ್ಸಿನ್ಯಾಗ ಗಂಟೆ ಕುಂತು ಎದ್ರಂತೂ ಕೇಳಬ್ಯಾಡ್ರಿ."

"ದಿನಾ ಎಷ್ಟ ಓಡ್ತೀರಿ?"

"ಆರು ಮೈಲು. ಪೊಲೀಸ್ ಭರ್ತಿ ಐತ್ರಿ, ಇನ್ನ ಎರಡ ತಿಂಗಳಿಗೆ. ಹೋದ ತಿಂಗಳ ಸುರು ಮಾಡೇನಿ."

ಒಂದೇ ಕಾಲಿನ ಮೇಲೆ ನಿಂತು ಸ್ವಲ್ಪ ಬಗ್ಗಲು ಹೇಳಿದಳು. ಬಗ್ಗಿದ ಕೂಡಲೇ ಮೊಣಕಾಲು ಒಳಗಡೆ ವಾಲಿತು. ಗುರವ್ವನಿಗೆ ಅಷ್ಟು ಸಾಕಾಯಿತು.

ತಪ್ಪು ಮೊಣಕಾಲಿನದಲ್ಲ. ತೊಡೆಯಲ್ಲಿ, ಸೊಂಟದ ಪಕ್ಕದಲ್ಲಿ ಬಲವಿಲ್ಲ. ಬಲ ಬರುವ ಮೊದಲೇ ಒಮ್ಮೆಲೇ ಆರು ಮೈಲು ಓಡಿದ್ದಾನೆ. ಆ ಭಾರವನ್ನೆಲ್ಲ ಪಾಪದ ಚಿಪ್ಪು ಹೊತ್ತಿದೆ. ಓಟ ಅರ್ಧಕ್ಕಿಳಿಸಿ, ಸಪಾಟು ಮಣ್ಣಿನಲ್ಲಿ ಸಣ್ಣ ಹೆಜ್ಜೆ ಹಾಕಿ, ಮಲಗಿ ಕಾಲೆತ್ತುವ ಕಸರತ್ತು ಮಾಡಿದರೆ ಭರ್ತಿಯ ಹೊತ್ತಿಗೆ ನಿಲ್ಲುತ್ತಾನೆ.

ಹೇಳಬೇಕಾದದ್ದು ಇಷ್ಟೇ.

ಅವಳ ನಾಲಿಗೆ ಬೇರೆಯದನ್ನೇ ಹೇಳಿತು.

"ಮೊಣಕಾಲ ಗಟ್ಟಿ ಆಗಬೇಕಂದ್ರ ಇಳುಕಲದಾಗ ಓಡಬೇಕ್ರಿ. ನಮ್ಮ ಸಾಲಿ ಹಿಂದ ಗುಡ್ಡ ಐತಲ್ಲ, ಅಲ್ಲಿಂದ ಕೆಳಗ, ಜೋರಾಗಿ. ದಿನಾ ಹತ್ತ ಸಲ. ಮನಿಗೆ ಹೋಗಿ ನೂರು ಬೈಠಕ್, ಪೂರ್ತಿ ಕುಂತು ಏಳಬೇಕು. ನೋವಾದ್ರೂ ಬಿಡಬ್ಯಾಡ್ರಿ."

"ಹೌದ್ರಿ," ಎಂದ ಮಡಿವಾಳೆಪ್ಪ. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಅವನು ಹೋದ ಮೇಲೆ ಗುರವ್ವ ಮತ್ತೆ ಸೂಜಿ ಹಿಡಿದಳು. ಎದೆಯಲ್ಲಿ ಎರಡು ವರ್ಷದಿಂದ ಉರಿಯುತ್ತಿದ್ದದ್ದಕ್ಕೆ ಯಾರೋ ನೀರು ಹೊಯ್ದಂತಾಗಿತ್ತು. 'ಕುಂಟಿ ಅಂದ್ಯಲ್ಲ... ಕುಂಟೂದಂದ್ರ ಏನಂತ ನಿನಗೂ ಗೊತ್ತಾಗ್ಲಿ.'

ಮರುದಿನದಿಂದ ಬೆಳಗ್ಗೆ ಅವನು ಸೈಕಲ್ಲಿನಲ್ಲಿ ಬಂದು ಗುಡ್ಡ ಹತ್ತುತ್ತಿದ್ದ. ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾ ಗುರವ್ವ ನೋಡುತ್ತಿದ್ದಳು. ಕೆಂಪು ಮಣ್ಣಿನ ಇಳುಕಲಿನಲ್ಲಿ ಅವನು ಧಡಧಡ ಇಳಿಯುತ್ತಿದ್ದ, ಕೆಳಗೆ ನಿಂತು ಮೊಣಕಾಲು ಹಿಡಿದುಕೊಂಡು ಬಗ್ಗುತ್ತಿದ್ದ, ಮತ್ತೆ ಹತ್ತುತ್ತಿದ್ದ.

ಮೊದಲ ಮೂರು ದಿನ ಅವಳಿಗೆ ಹೊಟ್ಟೆ ತುಂಬ ಊಟ ಸೇರಿತು.

ಐದನೆಯ ದಿನ ಅವನು ಹಲ್ಲು ಕಚ್ಚಿ ಇಳಿಯುವುದು ದೂರದಿಂದಲೂ ಕಂಡಿತು. ಅವಳು ಪ್ರಾರ್ಥನೆಯ ಎರಡನೆಯ ಸಾಲನ್ನೇ ಮರೆತಳು. ಎಂಟನೆಯ ದಿನ ಅವನು ಬರಲಿಲ್ಲ. ಗುರವ್ವ ಗೇಟಿನ ಕಡೆ ಹತ್ತು ಸಲ ನೋಡಿದಳು. 'ನನಗೇನಾಗಬೇಕು?' ಎಂದು ತನ್ನನ್ನೇ ಬೈದುಕೊಂಡಳು.

ಒಂಬತ್ತನೆಯ ದಿನ ಸಂಜೆ, ಮಕ್ಕಳೆಲ್ಲ ಹೋದ ಮೇಲೆ ಬಂದ. ಸೈಕಲ್ ತುಳಿಯಲಾಗದೆ ತಳ್ಳಿಕೊಂಡೇ ಬಂದಿದ್ದ. ಮೊಣಕಾಲು ಬಾತು ಚಿಪ್ಪೇ ಕಾಣುತ್ತಿರಲಿಲ್ಲ.

ಬೈಯುತ್ತಾನೆ ಎಂದು ಅವಳು ಸಿದ್ಧಳಾಗಿ ನಿಂತಳು.

"ನಾನ ಸರಿಯಾಗಿ ಮಾಡ್ಲಿಲ್ಲೇನೋ ಟೀಚರ," ಎಂದ. "ಬೈಠಕ್ ಎಂಬತ್ತಕ್ಕ ನಿಲ್ಲಸ್ತಿದ್ದೆ. ಇನ್ನ ಮ್ಯಾಲ ನೂರೂ ಹೊಡಿತೀನ್ರಿ."

"ಕುಂದರ್ರಿ ಮೊದಲ," ಎಂದಳು ಗುರವ್ವ. ಮಣ್ಣಿನ ಹರವಿಯ ತಣ್ಣೀರಿನಲ್ಲಿ ಬಟ್ಟೆ ಅದ್ದಿ ತಂದು ಅವನ ಕೈಗೆ ಕೊಟ್ಟಳು. "ಯಾಕ ಇಷ್ಟ ಹಟ? ಈ ಸಲ ಆಗದಿದ್ರ ಮುಂದಿನ ಸಲ ಭರ್ತಿ ಆತು."

ಅವನು ಬಟ್ಟೆಯನ್ನು ಮೊಣಕಾಲಿಗೆ ಒತ್ತಿ ಹಿಡಿದ.

"ನಿಮಗ ನೆನಪಿಲ್ಲ ಅನ್ಸತೈತಿ. 'ಪಗಾರ ಇಲ್ಲದಾಂವ ಎಮ್ಮಿ ಕಾಯಲಿ, ನನ್ನ ಯಾಕ ಕೇಳಾಕ ಬರ್ತಾನ' ಅಂದಿದ್ರಿ. ಶಂಕ್ರಪ್ಪ ಕಾಕಾ ನಮ್ಮ ಮನಿ ಮುಂದ ನಿಂತು ನಾಕ ಮಂದಿ ಕೇಳೂ ಹಂಗ ಹೇಳಿದ. ಅವತ್ತಿಂದ ಊರಾಗ ನನ್ನ ಹೆಸರ 'ಎಮ್ಮಿ ಕಾಯಾಂವ' ಅಂತಾನ ಆಗೈತಿ. ಖಾಕಿ ಹಾಕ್ಕೊಂಡು ಒಂದ ಸಲ ನಿಮ್ಮ ಸಾಲಿ ಮುಂದ ಹಾದು ಹೋಗಬೇಕು, ನೀವು ನೋಡಬೇಕು... ಸೇಡ ಅನ್ರಿ ಬೇಕಾದ್ರ."

ಗುರವ್ವ ಅವನ ಎದುರಿಗೆ ಬಂದು ನಿಂತಳು.

"ನಾ ಹಂಗ ಅಂದೇ ಇಲ್ಲ," ಎಂದಳು. "ನೀವು... ಕುಂಟಿ ಬ್ಯಾಡ ಅಂದ್ರಿ."

ಮಡಿವಾಳೆಪ್ಪ ಮೊದಲ ಬಾರಿಗೆ ಅವಳ ಕಣ್ಣು ನೋಡಿದ. "ಯಾರಂದ್ರು? ಮದವಿ ಆದ ಮ್ಯಾಲೂ ಆಕಿ ಓಡ್ಲಿ, ನೀ ಬ್ಯಾಡ ಅನ್ನಬಾರದು ಅಂತ ನಮ್ಮವ್ವನ ಕಡಿಂದ ಮಾತು ತಗೊಂಡಿದ್ದೆ ನಾ."

ಶಂಕ್ರಪ್ಪ. ಎರಡೂ ಮನೆಗೆ ಮಧ್ಯಸ್ಥನಾಗಿದ್ದ ಶಂಕ್ರಪ್ಪ. ಆತ ತನ್ನ ತಂಗಿಯ ಮಗಳನ್ನು ಮಡಿವಾಳೆಪ್ಪನ ಮನೆಗೇ ಕೊಡಿಸಲು ಓಡಾಡಿದ್ದು ಗುರವ್ವನಿಗೆ ಈಗ ನೆನಪಾಯಿತು.

ಸುಮ್ಮನಿದ್ದುಬಿಡಬಹುದಿತ್ತು. ಮದ್ದು ಬದಲಿಸಿ ಹೇಳಿದ್ದರೆ ಅವನಿಗೆ ತಿಳಿಯುತ್ತಲೂ ಇರಲಿಲ್ಲ.

"ಇಳುಕಲದಾಗ ಓಡ್ರಿ ಅಂದೆನಲ್ಲ, ಅದು ಮದ್ದಲ್ಲ," ಎಂದಳು ಗುರವ್ವ. "ಈ ನೋವಿಗೆ ಅದು ವಿಷ. ನನಗ ಗೊತ್ತಿತ್ತು. ಬೇಕಂತ ಹೇಳಿದೆ."

ಅವನು ಗೋಡೆ ಹಿಡಿದು ಎದ್ದ. ಒದ್ದೆ ಬಟ್ಟೆಯನ್ನು ಮಡಿಸಿ ಕಟ್ಟೆಯ ಮೇಲೆ ಇಟ್ಟ.

"ಶಂಕ್ರಪ್ಪ ಬಾಯಿಂದ ಕೆಡಿಸಿದ. ನೀವು ನಂಬಿ ಬಂದಾವನ ಕಾಲು ಕೆಡಿಸಿದ್ರಿ," ಎಂದು ಸೈಕಲ್ ತಳ್ಳಿಕೊಂಡು ಹೊರಟುಹೋದ.

ಮರುದಿನ ಗುರವ್ವ ಶಾಲೆಗೆ ರಜೆ ಹಾಕಿದಳು. ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ಕುಳಿತಿದ್ದ ಶಂಕ್ರಪ್ಪನ ಮುಂದೆ ಹೋಗಿ ನಿಂತಳು.

"ಕಾಕಾ, ಎರಡ ಮನಿಗೆ ಎರಡ ಸುಳ್ಳ ಒಯ್ದೀರಿ. ಏಳ್ರಿ, ಇವತ್ತ ಒಂದ ಖರೇ ಮಾತ ಒಯ್ಯೂಣು."

"ಏನವಾ ಇದು, ಮಂದ್ಯಾಗ..."

"ಮಂದ್ಯಾಗನ ಹೇಳಿದ್ದಲ್ಲ ಅವತ್ತ? ಏಳ್ರಿ. ಇಲ್ಲಾಂದ್ರ ಇಲ್ಲೇ ಎಲ್ಲಾರ ಮುಂದ ಸುರು ಮಾಡ್ತೀನಿ."

ಬಸ್ಸಿನಲ್ಲಿ ಅವನನ್ನು ಎದುರಿಗೇ ಕೂಡಿಸಿಕೊಂಡು, ದಾರಿಯುದ್ದಕ್ಕೂ ದಿಟ್ಟಿಸಿ ನೋಡುತ್ತಾ ಕರೆದೊಯ್ದಳು. ಬಮ್ಮಿಗಟ್ಟಿಯ ಮನೆಯ ಮುಂದೆ, ಮಡಿವಾಳೆಪ್ಪನ ತಾಯಿ ಮಹಾದೇವಕ್ಕನ ಎದುರು, ನೆರೆಹೊರೆಯವರೆಲ್ಲ ಕೇಳುವಂತೆ ಶಂಕ್ರಪ್ಪ ತೊದಲುತ್ತಾ ಎಲ್ಲ ಒಪ್ಪಿಕೊಂಡ. ತಲೆ ತಗ್ಗಿಸಿ ಹೋಗುವಾಗ ಅವನ ತಲೆಗೆ ಸುತ್ತಿದ್ದ ಪಟಕ ಜಾರಿ ಬಿತ್ತು. ಯಾರೂ ಎತ್ತಿ ಕೊಡಲಿಲ್ಲ.

ಗುರವ್ವನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಒಳಗಿನ ಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದವನು ಹೊರಗೆ ಬಂದಿರಲಿಲ್ಲ.

"ಅತ್ತೀ, ಇನ್ನೊಂದ ಐತ್ರಿ," ಎಂದು ತಾನು ಮಾಡಿದ್ದನ್ನೂ ನೆರೆಹೊರೆಯವರಿಗೆ ಕೇಳುವಂತೆಯೇ ಹೇಳಿದಳು.

ಮಹಾದೇವಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಕೆಡಿಸಿದಾಕಿ ನೀನ. ನೆಟ್ಟಗ ಮಾಡಾಕಿನೂ ನೀನ. ಒಳಗ ನಡಿ," ಎಂದಳು.

ಹದಿನೈದು ದಿನ ಓಟವೇ ಇಲ್ಲ. ತಣ್ಣೀರು ಬಟ್ಟೆ, ಬಾವು ಇಳಿಯುವವರೆಗೆ. ಆಮೇಲೆ ಅಂಗಾತ ಮಲಗಿ ಕಾಲು ಎತ್ತುವುದು, ಮಗ್ಗುಲಾಗಿ ಮಲಗಿ ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ನೋಯದಷ್ಟೇ ಬಗ್ಗುವುದು. ಗುರವ್ವ ರವಿವಾರ ರವಿವಾರ ಬರುತ್ತಿದ್ದಳು. ಅವನು ಅವಳು ಹೇಳಿದ್ದನ್ನೆಲ್ಲ ಮಾಡುತ್ತಿದ್ದ. ಮಾತು ಮಾತ್ರ ಆಡುತ್ತಿರಲಿಲ್ಲ.

ಭರ್ತಿಯ ದಿನ ಊರ ಹುಡುಗರು ಧಾರವಾಡದ ಬಸ್ ಹತ್ತಿದರು. ಮಡಿವಾಳೆಪ್ಪ ಜಗಲಿಯಲ್ಲಿ ಕುಳಿತು ಬಸ್ಸಿನ ಸದ್ದು ದೂರವಾಗುವವರೆಗೂ ಕೇಳಿದ. ಅವತ್ತು ರವಿವಾರವಲ್ಲದಿದ್ದರೂ ಗುರವ್ವ ಬಂದಿದ್ದಳು. ಕಂಬದ ಆಚೆ ಬದಿಗೆ ಕುಳಿತು ಅಳುತ್ತಿದ್ದಳು.

"ಅಳಬ್ಯಾಡ್ರಿ," ಎಂದ ಅವನು. ಒಂದೂವರೆ ತಿಂಗಳಲ್ಲಿ ಅದೇ ಮೊದಲ ಮಾತು. "ಬರೂ ವರ್ಷ ಐತಿ. ವಯಸ್ಸ ಇನ್ನೂ ಮೀರಿಲ್ಲ."

ಮುಂದೆ ಓಟ ಶುರುವಾಯಿತು. ಮೊದಲ ವಾರ ನಾಲ್ಕು ಫರ್ಲಾಂಗು, ನೋವಿಲ್ಲದಿದ್ದರೆ ಸ್ವಲ್ಪ ಹೆಚ್ಚು. ಕೆರೆಯ ಪಕ್ಕದ ಸಪಾಟು ದಾರಿಯಲ್ಲಿ ಅವನು ಉದ್ದ ಹೆಜ್ಜೆ ಹಾಕಿದಾಗಲೆಲ್ಲ ಗುರವ್ವ ಗದರುತ್ತಿದ್ದಳು. ಒಂದು ದಿನ ಬಾಯಿಂದ ಹೇಳಿ ತಿಳಿಯದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದಲ್ಲೇ ಓಡಿ ತೋರಿಸಿದಳು. ವರ್ಷಗಳ ನಂತರ ಗಾಳಿ ಕಿವಿಗೆ ಬಡಿಯಿತು. ಅವನು ಹಿಂದೆ ಬಿದ್ದು, ಉಸಿರು ಸಾಲದೆ ನಕ್ಕ.

ಮರುವರ್ಷ ಧಾರವಾಡದ ಮೈದಾನದಲ್ಲಿ ಮಡಿವಾಳೆಪ್ಪ ಏಳನೆಯವನಾಗಿ ಗೆರೆ ದಾಟಿದ. ಮೊದಲ ಇಪ್ಪತ್ತು ಜನ ಮುಂದಿನ ಪರೀಕ್ಷೆಗೆ. ಬೇವಿನ ಮರದ ಕೆಳಗೆ ನಿಂತಿದ್ದವಳ ಹತ್ತಿರ ಬಂದು ಕುಳಿತ, ಸಲೀಸಾಗಿ.

"ನೋವು?" ಎಂದಳು.

"ಇಲ್ಲ."

"ಸಿಟ್ಟು?"

ಅವನು ಬೆವರು ಒರೆಸಿಕೊಂಡ. "ಚೂರು ಐತಿ ಇನ್ನೂ."

ಗುರವ್ವ ನೆಲ ನೋಡಿದಳು. "ಅದಕ್ಕ ನನ್ನ ಕಡೆ ಮದ್ದಿಲ್ಲ. ಯಾವಾಗ ಹೋಗತೈತೋ..."

"ನನಗೂ ಗೊತ್ತಿಲ್ಲ. ದಿನಾ ಕಣ್ಣ ಮುಂದ ಇದ್ರ ಹೋಗಬಹುದು, ಗುರವ್ವಾ."

ಟೀಚರ ಎನ್ನಲಿಲ್ಲ. ಅವಳು ತಲೆ ಎತ್ತಿದಳು.

"ನಿಮ್ಮ ಅಪ್ಪಾರ ಕಡೆ ನಾನ ಬರ್ತೀನಿ. ನೀ ಹೂಂ ಅಂದ್ರ."

ಮೈದಾನದಲ್ಲಿ ಮುಂದಿನ ಓಟಕ್ಕೆ ಸೀಟಿ ಊದಿದರು. ಆ ಸದ್ದು ನಿಲ್ಲುವವರೆಗೆ ಕಾದು, ಅವನಿಗೆ ಸ್ಪಷ್ಟವಾಗಿ ಕೇಳಲಿ ಎಂದು, ಗುರವ್ವ ಹೇಳಿದಳು:

"ಹೂಂ."