ನೆರೆಯಾ ಹೊಡೆದ ಜಿಂಕೆ

ಗುಂಡಿನ ಸದ್ದು ಎದುರಿನ ಬಂಡೆಗೆ ಬಡಿದು, ಕಣಿವೆಯನ್ನೆಲ್ಲ ಸುತ್ತಿ, ಮತ್ತೆ ಅವರ ಬಳಿಗೇ ಬಂತು. ಆಮೇಲೆ ಬರೀ ಗಾಳಿ.

“ತಪ್ಪಿಹೋಯ್ತು ಬಿಡು,” ಅಂದರು ಶಾಬಿ ಮಾವ, ಬೈನಾಕ್ಯುಲರ್ ಇಳಿಸುತ್ತ.

“ಇಲ್ಲ ಮಾವ, ತಾಗಿದೆ. ಸದ್ದು ಕೇಳಿಸ್ತು,” ಅಂದಳು ನೆರೆಯಾ.

ಪಕ್ಕದ ಬಂಡೆಯ ಮೇಲೆ ಮಲಗಿದ್ದ ಕೋಲ್ಡೋ ಕಿವಿಯಿಂದ ಬೆರಳು ತೆಗೆದು ನಕ್ಕ. “ತಾಗಿದ್ರೆ ಜಿಂಕೆ ಹಾಗೆ ಕುಣ್ಕೊಂಡು ಹೋಗ್ತಿತ್ತೇನೇ? ಅದಕ್ಕೆ ಸೊಳ್ಳೆ ಕಚ್ಚಿದ ಹಾಗೂ ಆಗ್ಲಿಲ್ಲ.”

ಕೋಲ್ಡೋ ಮಾವನ ಮಗ. ಹೈಸ್ಕೂಲ್ ಹುಡುಗ. ಹೋದ ವರ್ಷ ಇದೇ ರೂಬಿ ಬೆಟ್ಟದಲ್ಲಿ ದೊಡ್ಡ ಕೊಂಬಿನ ಜಿಂಕೆ ಹೊಡೆದಿದ್ದ. ಅದರ ಫೋಟೋ ಇನ್ನೂ ಊರಿನ ಬೂಸಾ ಅಂಗಡಿಯ ಗೋಡೆಯ ಮೇಲಿದೆ. ಯಾರು ಯಾವ ಮಾತು ತೆಗೆದರೂ ಅವನು ಅದನ್ನು ಆ ಫೋಟೋ ತನಕ ತಂದು ನಿಲ್ಲಿಸುತ್ತಿದ್ದ.

ನೆರೆಯಾಗೆ ಹನ್ನೆರಡು ತುಂಬಿದ್ದು ಈ ವಸಂತದಲ್ಲಿ. ಹನ್ನೆರಡು ತುಂಬದೆ ನೆವಾಡಾದಲ್ಲಿ ಯಾರಿಗೂ ಜಿಂಕೆ ಬೇಟೆಯ ಟ್ಯಾಗ್, ಅಂದರೆ ಹೊಡೆದ ಜಿಂಕೆಗೆ ಕಟ್ಟುವ ಪರವಾನಗಿ ಚೀಟಿ, ಸಿಗುವುದಿಲ್ಲ. ಲಾಟರಿಯಲ್ಲಿ ಅವಳ ಹೆಸರು ಬಂದಿತ್ತು. ಒಂದು ಟ್ಯಾಗ್, ಒಂದೇ ಜಿಂಕೆ. ಗುರಿ ಇಡುವುದನ್ನು ಕಲಿಸಿದ್ದು ಅಮ್ಮ, ಮನೆ ಹಿಂದಿನ ಜಲ್ಲಿಗುಂಡಿಯಲ್ಲಿ, ಬೇಸಿಗೆಯಿಡೀ. ಆದರೆ ಆಸ್ಪತ್ರೆಯಲ್ಲಿ ಅಮ್ಮನಿಗೆ ರಜೆ ಸಿಗಲಿಲ್ಲ. ಹಾಗಾಗಿ ತನ್ನ ತಮ್ಮ ಶಾಬಿಯ ಜೊತೆ ಮಗಳನ್ನು ಕಳಿಸಿದ್ದಳು.

ಬೆಳಕು ಹರಿಯುವ ಮೊದಲೇ ಕೆಳಗಿನ ತೋಪಿನಲ್ಲಿ ಕುದುರೆಗಳನ್ನು ಕಟ್ಟಿ ಮೂವರೂ ಹತ್ತತೊಡಗಿದ್ದರು. ಈ ಎತ್ತರದಲ್ಲಿ ಮರಗಳಿಲ್ಲ. ಕಲ್ಲು, ಕಲ್ಲಿನ ಸಂದಿಯಲ್ಲಿ ಗಿಡ್ಡ ಪೊದೆ, ಅಷ್ಟೇ. ನಾಲ್ಕು ಹೆಜ್ಜೆ ಇಟ್ಟರೆ ಎದೆ ಡವಡವ ಅನ್ನುತ್ತಿತ್ತು.

ಆಗ ಕಂಡದ್ದು ಆ ಮ್ಯೂಲ್ ಡೀರ್. ಹೇಸರಗತ್ತೆಯ ಕಿವಿಗಳಂಥ ದೊಡ್ಡ ಕಿವಿ, ಕವಲೊಡೆದ ಎಳೆ ಕೊಂಬು. ನೆರೆಯಾ ಬ್ಯಾಗಿನ ಮೇಲೆ ಬಂದೂಕು ಊರಿ, ಉಸಿರು ಬಿಟ್ಟು, ಮೆಲ್ಲಗೆ ಒತ್ತಿದ್ದಳು. ಗುಂಡಿನ ಸದ್ದಿನ ಹಿಂದೆಯೇ ಅವಳಿಗೆ ಇನ್ನೊಂದು ಸದ್ದು ಕೇಳಿತ್ತು. ಒದ್ದೆ ಕಂಬಳಿಗೆ ಕೋಲಿನಿಂದ ಬಡಿದ ಹಾಗೆ, ಧಪ್ ಅಂತ.

ಅದು ಕೋಲ್ಡೋಗೆ ಕೇಳಿರಲಿಲ್ಲ. ಅವನು ಕಿವಿ ಮುಚ್ಚಿಕೊಂಡಿದ್ದ. ಮಾವನಿಗೂ ಕೇಳಿರಲಿಲ್ಲ. ಚಿನ್ನದ ಗಣಿಯಲ್ಲಿ ದೊಡ್ಡ ದೊಡ್ಡ ಯಂತ್ರ ಓಡಿಸಿ ಅವರ ಕಿವಿ ಮಂದವಾಗಿತ್ತು.

ಆದರೂ ಮಾವ ಸುಮ್ಮನೆ ಬಿಡಲಿಲ್ಲ. ಜಿಂಕೆ ನಿಂತಿದ್ದ ಜಾಗಕ್ಕೆ ಹೋಗಿ, ಬಗ್ಗಿ, ಕಲ್ಲು ಕಲ್ಲನ್ನೂ ನೋಡಿದರು. ಒಂದು ಹನಿ ರಕ್ತವಿಲ್ಲ, ಒಂದು ಕೂದಲಿಲ್ಲ. ಮೊದಲನೇ ಸಲ ಎಲ್ಲರಿಗೂ ಹೀಗೆ ಆಗುತ್ತದೆ, ಬೇಜಾರು ಮಾಡ್ಕೋಬೇಡ ಎಂದು ಸಮಾಧಾನ ಹೇಳುತ್ತಲೇ ವಾಪಸು ಬಂದರು.

ಅಷ್ಟರಲ್ಲಿ ಕೋಲ್ಡೋ ಅಪ್ಪನ ತೋಳು ಹಿಡಿದ. ಎದುರಿಗೆ ಬೆರಳು ತೋರಿಸಿದ.

ಕಣಿವೆಯ ಆ ಬದಿ ಇನ್ನೊಂದು ಗಂಡು ಜಿಂಕೆ ನಿಂತಿತ್ತು. ಎಂಥ ಜಿಂಕೆ ಅದು. ಒಣಮರದ ಕೊಂಬೆಗಳನ್ನು ತಲೆಗೆ ಕಟ್ಟಿಕೊಂಡ ಹಾಗಿದ್ದವು ಅದರ ಕೊಂಬುಗಳು. ಕೋಲ್ಡೋನ ಫೋಟೋದಲ್ಲಿದ್ದದ್ದು ಇದರ ಪಕ್ಕ ಮರಿಯಂತೆ ಕಾಣುತ್ತಿತ್ತು. ಮೈಯನ್ನು ಪೂರ್ತಿ ಅಡ್ಡ ತಿರುಗಿಸಿ, ಇವರ ಕಡೆ ನೋಡದೆ ನಿಂತಿತ್ತು.

“ಹೊಡಿ ಪುಟ್ಟೀ,” ಮಾವ ಪಿಸುಗುಟ್ಟಿದರು. “ಮೆಲ್ಲಗೆ. ಅವಸರ ಬೇಡ.”

ನೆರೆಯಾ ಬಂದೂಕಿನ ದುರ್ಬೀನಿನಲ್ಲಿ ನೋಡಿದಳು. ಅದರ ಮೂಗಿನ ಹಬೆ ಕೂಡ ಕಾಣಿಸಿತು. ಬೂಸಾ ಅಂಗಡಿಯ ಗೋಡೆ ನೆನಪಾಯಿತು. ಕ್ಲಾಸಿನವರ ಮುಖಗಳೂ ನೆನಪಾದವು. ಬೆರಳು ಟ್ರಿಗರಿನ ಹತ್ತಿರ ಹೋಗಿ ನಿಂತಿತು.

ಆಮೇಲೆ ಅವಳು ಬಂದೂಕಿನ ಬೋಲ್ಟ್ ಎಳೆದು, ಒಳಗಿದ್ದ ಗುಂಡುಗಳನ್ನೆಲ್ಲ ತೆಗೆದು ಜೇಬಿಗೆ ಹಾಕಿಕೊಂಡಳು.

“ಏನ್ ಮಾಡ್ತಿದ್ದೀಯ?” ಅಂದ ಕೋಲ್ಡೋ.

“ನನ್ನ ಜಿಂಕೆ ಆಗಿಹೋಗಿದೆ. ಅದು ಓಡಿಹೋದ ಕಡೆ ಎಲ್ಲೋ ಇದೆ.”

ಲೋಹದ ಸದ್ದಿಗೆ ದೊಡ್ಡ ಜಿಂಕೆ ತಲೆ ಎತ್ತಿತು. ಒಂದು ಕ್ಷಣ ನೋಡಿ, ಏನೂ ಅವಸರವಿಲ್ಲದೆ ನಡೆದು, ಬೆಟ್ಟದ ಬೆನ್ನು ದಾಟಿ ಮಾಯವಾಯಿತು.

ಕೋಲ್ಡೋ ಬೈದ ಬೈಗುಳ ಅಷ್ಟಿಷ್ಟಲ್ಲ. ಇಂಥ ಜಿಂಕೆ ಜೀವಮಾನಕ್ಕೊಮ್ಮೆ ಸಿಗುವುದು, ಟ್ಯಾಗ್ ಇದ್ದದ್ದು ಇಂಥ ಪೆದ್ದಿಗೆ ಅಂದ. ಮಾವ ಬೈಯಲಿಲ್ಲ. ಬೈಗುಳಕ್ಕಿಂತ ಅದೇ ನೆರೆಯಾಗೆ ಕಷ್ಟವಾಗಿತ್ತು. ಅವರು ಆಕಾಶ ನೋಡಿದರು. ಪಶ್ಚಿಮದಲ್ಲಿ ಮೋಡ ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹಿಮ ಶುರುವಾದರೆ ಇಳಿಯುವುದು ಕಷ್ಟ, ನಡಿಯಿರಿ ಅಂದರು.

ನೆರೆಯಾ ಬಂಡೆಯ ಮೇಲೆ ಕೂತಳು. “ನಾನು ಬರಲ್ಲ.”

“ಹೊತ್ಕೊಂಡು ಹೋಗ್ತೀನಿ ನೋಡು.”

“ಹೊತ್ಕೊಂಡು ಹೋಗಿ ಮಾವ. ಕೆಳಗಿಳಿಸಿದ ಕೂಡಲೇ ಮತ್ತೆ ಹತ್ತಿ ಬರ್ತೀನಿ.”

ಮಾವ ಅವಳ ಮುಖವನ್ನೇ ನೋಡಿದರು. ತಮ್ಮ ಅಕ್ಕನ ಹಟವೂ ಇಂಥದ್ದೇ ಎಂದು ಅವರಿಗೆ ಗೊತ್ತಿತ್ತು. ಆ ಮೋಡ ಎದುರಿನ ಶಿಖರ ಮುಟ್ಟುವ ತನಕ ಮಾತ್ರ ಹುಡುಕಬಹುದು, ಆಮೇಲೆ ಒಂದು ಮಾತೂ ಆಡಕೂಡದು ಅಂದರು. ಅವಳು ಒಪ್ಪಿದಳು.

ಜಿಂಕೆ ನಿಂತಿದ್ದ ಜಾಗವನ್ನು ಮಾವ ಆಗಲೇ ನೋಡಿದ್ದರು. ಅದಕ್ಕೆ ನೆರೆಯಾ ಅದು ಓಡಿದ ದಾರಿ ಹಿಡಿದಳು. ಅಲ್ಲೆಲ್ಲ ಬರೀ ಸಡಿಲ ಕಲ್ಲು. ಕಾಲಿಟ್ಟಲ್ಲಿ ಜಾರುತ್ತಿತ್ತು. ಅವಳು ಕೈಯೂರಿ, ಮೊಣಕಾಲೂರಿ ಹೋದಳು. ಕಲ್ಲುಗಳು ಒಣಗಿ ಬೂದು ಬಣ್ಣಕ್ಕಿದ್ದವು. ಆದರೆ ಒಂದು ಕಲ್ಲು ಮಗುಚಿ, ಅದರ ಒದ್ದೆ ಹೊಟ್ಟೆ ಮೇಲೆ ಬಂದಿತ್ತು. ಸ್ವಲ್ಪ ದೂರದಲ್ಲಿ ಅಂಥದ್ದೇ ಇನ್ನೊಂದು. ಆಚೆ ಮತ್ತೊಂದು.

ಮಗುಚಿದ ಕಲ್ಲುಗಳು ಅವಳನ್ನು ಬೆಟ್ಟದ ಏಣು ದಾಟಿಸಿ ಪೊದೆಗಳ ತನಕ ಕರೆದುಕೊಂಡು ಹೋದವು. ಅಲ್ಲಿ ಒಂದು ಎಲೆಯ ಅಂಚಿನಲ್ಲಿ ಕೆಂಪು ಚುಕ್ಕೆ ಇತ್ತು. ರಾಗಿ ಕಾಳಿನಷ್ಟು.

ಅವಳು ಕೂಗಲಿಲ್ಲ. ಕೈ ಎತ್ತಿದಳು. ಮಾವ ಬಂದು, ಬೆರಳಲ್ಲಿ ಮುಟ್ಟಿ ನೋಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ನಂಗೆ ಕೇಳಿಸ್ಲಿಲ್ಲ ಪುಟ್ಟೀ,” ಅಂದರು.

ಜಿಂಕೆ ದೂರವೇನೂ ಹೋಗಿರಲಿಲ್ಲ. ಪೊದೆಗಳ ಕೆಳಗೆ, ಒಂದು ಬಂಡೆಯ ಮರೆಯಲ್ಲಿ ಮಲಗಿತ್ತು. ಇನ್ನೂ ಜೀವ ಇತ್ತು. ಇವರನ್ನು ಕಂಡು ತಲೆ ಎತ್ತಿತು, ಏಳಲು ಆಗಲಿಲ್ಲ. ದೊಡ್ಡ ಕಿವಿಗಳು ಮಾತ್ರ ಇವರ ಕಡೆ ತಿರುಗಿದವು.

ಮಾವ ಬಂದೂಕಿಗೆ ಕೈ ಚಾಚಿದರು. ನಾನು ಮುಗಿಸುತ್ತೇನೆ, ನೀನು ಆ ಕಡೆ ತಿರುಗು ಅಂದರು.

“ಬೇಡ ಮಾವ. ಹೊಡೆದಿದ್ದು ನಾನು.”

ಜೇಬಿನಿಂದ ಗುಂಡು ತೆಗೆದಳು. ಬೆರಳು ಮರಗಟ್ಟಿತ್ತು, ಒಂದು ಗುಂಡು ಕಲ್ಲಿನ ಸಂದಿಗೆ ಬಿತ್ತು. ಇನ್ನೊಂದನ್ನು ತೆಗೆದು ಹಾಕಿದಳು. ಕಣ್ಣು ಮುಚ್ಚಲಿಲ್ಲ.

ಆಮೇಲೆ ಕೋಲ್ಡೋ ಹತ್ತಿರ ಬಂದು ನಿಂತ. ನೀನು ಹೇಳಿದ್ದೇ ಸರಿಯಿತ್ತು ಕಣೇ ಎಂದು ನೆಲ ನೋಡಿಕೊಂಡು ಹೇಳಿದ.

ಕಲ್ಲಿನ ಮೇಲೆ ತೆವಳುವಾಗ ನೆರೆಯಾ ಇದೇ ಮಾತಿಗೆ ಕಾದಿದ್ದಳು. ಅವನಿಗೆ ಚುರುಕ್ ಅನ್ನುವಂಥ ಉತ್ತರಗಳನ್ನೂ ಯೋಚಿಸಿ ಇಟ್ಟುಕೊಂಡಿದ್ದಳು. ಆದರೆ ಈಗ ಜಿಂಕೆಯ ಪಕ್ಕ ಮೊಣಕಾಲೂರಿ ಕೂತಳು. ಜಿಂಕೆಯ ಸುತ್ತ ಹುಲ್ಲು ನೆಲಕ್ಕೆ ಅಂಟಿಹೋಗಿತ್ತು. ಅದು ಏಳಲು ನೋಡಿ, ಆಗದೆ, ಮಗ್ಗುಲು ಬದಲಿಸಿ, ಮತ್ತೆ ನೋಡಿತ್ತು. ಏಣಿನ ಆ ಬದಿಯಲ್ಲಿ ಅವರೆಲ್ಲ ವಾದ ಮಾಡುತ್ತಿದ್ದಾಗ ಅದು ಇಲ್ಲಿತ್ತು.

ಕೋಲ್ಡೋ ಫೋಟೋಗೆಂದು ಫೋನ್ ತೆಗೆದ. ನೆರೆಯಾ ಬೇಡ ಎಂದು ತಲೆ ಆಡಿಸಿದಳು. ಅವನು ಅದನ್ನು ಒಳಗಿಟ್ಟ.

ಕೊಂಬಿಗೆ ಟ್ಯಾಗ್ ಕಟ್ಟಿದಳು. ಮಾವ ತೋರಿಸಿಕೊಟ್ಟ ಕಡೆಯಲ್ಲೆಲ್ಲ ಚಾಕು ಹಿಡಿದು ಕೊಯ್ದಳು. ಹಬೆಯಾಡುವ ಮಾಂಸದ ಬಿಸಿಗೆ ಅವಳ ಬೆರಳಿಗೆ ಮತ್ತೆ ಜೀವ ಬಂತು. ಬಟ್ಟೆಯ ಚೀಲಗಳಿಗೆ ತುಂಬಿ ಮುಗಿಸುವ ಹೊತ್ತಿಗೆ ಹಿಮ ಉದುರತೊಡಗಿತ್ತು.

ಮಾವ ಅವಳಿಗೆಂದು ಎಲ್ಲಕ್ಕಿಂತ ಸಣ್ಣ ಚೀಲ ಎತ್ತಿಟ್ಟಿದ್ದರು. ನೆರೆಯಾ ಅದನ್ನು ಬಿಟ್ಟು ಹಿಂಗಾಲಿನ ಚೀಲದ ಪಟ್ಟಿಗೆ ತೋಳು ತೂರಿಸಿದಳು. ದಾರಿ ಜಾರುತ್ತದೆ, ಅದು ತುಂಬ ಭಾರ ಅಂದರು ಮಾವ.

“ಇರ್ಲಿ ಮಾವ.”

ಅವಳು ಎದ್ದು ನಿಲ್ಲುವ ತನಕ ಮಾವ ಹಿಂದಿನಿಂದ ಚೀಲ ಹಿಡಿದುಕೊಂಡರು.

ಇಳಿಯುವಾಗ ಅವಳು ಒಂದೊಂದೇ ಹೆಜ್ಜೆ ಊರಿ ನಡೆದಳು. ಮುಂದೆ ಹೋಗುತ್ತಿದ್ದ ಕೋಲ್ಡೋ ಆಗಾಗ ನಿಂತು, ಸಡಿಲ ಕಲ್ಲುಗಳನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಅವಳಿಗೆ ದಾರಿ ಮಾಡುತ್ತಿದ್ದ. ಕುದುರೆಗಳು ಕಾಣತೊಡಗಿದಾಗ ಅವನು ತಿರುಗಿ, ಮನೆಯಲ್ಲಿ ನಿನ್ನ ಅಮ್ಮ ಕೇಳಿದರೆ ಏನು ಹೇಳುತ್ತೀಯ ಅಂದ.

ನೆರೆಯಾ ಉಸಿರು ತೆಗೆದುಕೊಳ್ಳಲು ನಿಂತಳು. ಚೀಲದ ಪಟ್ಟಿ ಭುಜಕ್ಕೆ ಒತ್ತುತ್ತಿತ್ತು.

“ಎರಡು ಗುಂಡು ಬೇಕಾಯ್ತು ಅಂತ,” ಅಂದಳು.